ಕುಡಿಯೋ ಲೋಟ

"ಏ ಕಸ! ಕಿವೀಲಿ ಏನು ತುರುಕ್ಕೊಂಡಿದೀಯ? ಎತ್ಕೊಳ್ಳೆ!"

ಕೂಗಿದವನ ಬಾಯಿಯಲ್ಲಿ ಇನ್ನೂ ಹಲ್ಲುಜ್ಜಿದ ನೊರೆ ಇತ್ತು. ಬನಿಯನ್ನಿನ ಮೇಲೆ ಟವೆಲ್ ಹೊದ್ದು ಗೇಟಿನ ಒಳಗೆ ನಿಂತಿದ್ದ. ಗೇಟಿನ ಹೊರಗೆ ತಳ್ಳುಗಾಡಿಯ ಹಿಡಿಕೆ ಬಿಡದೆ ನಿಂತಿದ್ದವಳಿಗೆ ಆ ಬೀದಿಯಲ್ಲಿ ಬಾಯಿಗೆ ಬಂದದ್ದೆಲ್ಲ ಹೆಸರು. ಜೊತೆಗೆ ದುಡಿಯುವ ಹೆಂಗಸರಿಗೆ ಮಾತ್ರ ಅವಳು ಸೀಟಿ. ಮನೆಮನೆಯ ಮುಂದೆ ಸೀಟಿ ಊದಿ ಊದಿ ಅದೇ ಹೆಸರು ನಿಂತುಬಿಟ್ಟಿತ್ತು.

"ಸಾರ್, ಹಸೀದು ಬೇರೆ, ಒಣಗಿದ್ದು ಬೇರೆ ಮಾಡಿ ಕೊಡಿ. ಬೆರೆಸಿದ್ದನ್ನ ತಗೋಬಾರ್ದು ಅಂತ ಹೇಳಿದಾರೆ."

"ಯಾರು ಹೇಳಿದ್ದು?"

"ಮೇಲಿನೋರು."

"ಮೇಲಿನೋರು ಹೇಳಿದ್ರೆ ನೀನು ನನ್ನ ತಲೆ ಮೇಲೆ ಕೂರ್ತೀಯಾ? ತೆರಿಗೆ ಕಟ್ಟೋನು ನಾನು. ಬೇರೆ ಮಾಡೋಕೇ ನಿನಗೆ ಸಂಬಳ ಕೊಡೋದು. ಎಲ್ಲಾ ನಾನೇ ಮಾಡೋದಾದ್ರೆ ನೀನ್ಯಾಕೆ, ಶೋಕಿಗಾ?"

ಅವಳು ಗಾಡಿ ಮುಂದಕ್ಕೆ ತಳ್ಳಿದಳು. ಗೇಟಿನ ಮೇಲಿಂದ ಹಾರಿ ಬಂದ ಚೀಲ ಅವಳ ಕಾಲ ಬುಡದಲ್ಲಿ ಬಿದ್ದು ಒಡೆಯಿತು. ಮೊಟ್ಟೆ ಚಿಪ್ಪು, ಚಹಾ ಚರಟ, ಮಗುವಿನ ಡಯಾಪರು, ಗಡ್ಡ ಹೆರೆದ ಬ್ಲೇಡು, ಹಳಸಿದ ಊಟ, ಎಲ್ಲ ಅವಳ ಚಪ್ಪಲಿಯ ಮೇಲೆ ಹರಡಿದವು. ಎದುರು ಮನೆಯ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸು ಒಂದು ಕ್ಷಣ ನೋಡಿ ಮತ್ತೆ ಕ್ಲಿಪ್ಪು ಸಿಕ್ಕಿಸುವುದರಲ್ಲಿ ಮುಳುಗಿದಳು.

"ಕೈ ಚೆನ್ನಾಗಿ ಪಳಗಿದೆ ಸಾರ್! ಯಾವುದಾದ್ರೂ ಟೀಮಿಗೆ ಸೇರ್ಕೊಳ್ಳಿ!" ಎಂದಳು ಗಾಡಿಯ ಆ ಬದಿಯಿಂದ ಅವಳ ನಾದಿನಿ.

"ಬಾಯ್ಮುಚ್ಚೆ ಲೌಡಿ," ಎಂದು ಅವನು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ನಾದಿನಿಯ ಹೆಸರು ರೇಡಿಯೊ. ಗಂಡ ಬಿಟ್ಟ ಮೇಲೆ ಅಣ್ಣನ ಮನೆಗೆ ಬಂದು, ಅತ್ತಿಗೆಯ ಗಾಡಿಗೆ ಹೆಗಲು ಕೊಟ್ಟವಳು. ಬೆಳಗ್ಗೆ ಬಾಯಿ ತೆರೆದರೆ ಮತ್ತೆ ಮುಚ್ಚುತ್ತಿದ್ದುದು ಮಲಗಿದ ಮೇಲೆಯೇ. ಹಾಡು, ಅಣಕ, ಯಾರದೋ ಮನೆಯ ಜಗಳದ ಸುದ್ದಿ, ಎಲ್ಲವೂ ಬರುತ್ತಿದ್ದವು. ಇಬ್ಬರೂ ಕುಕ್ಕರಗಾಲಿನಲ್ಲಿ ಕೂತು ರಸ್ತೆಯ ಮೇಲಿನದನ್ನು ಬಾಚುತ್ತಿರುವಾಗ ಹಾಜರಿ ಹಾಕುವ ಮೇಸ್ತ್ರಿಯ ಬೈಕು ಬಂದು ಪಕ್ಕದಲ್ಲೇ ನಿಂತಿತು. ಅವನು ಎಂಜಿನ್ನು ಆರಿಸಲಿಲ್ಲ.

"ಕಸ ತಗೊಂಡಿಲ್ಲ ಅಂತ ಕಂಪ್ಲೇಂಟ್ ಬಂದಿದೆ."

"ಬೆರೆಸಿ ಕೊಟ್ರು ಅಣ್ಣಾ. ತಗೋಬೇಡಿ ಅಂದೋರು ನೀವೇ."

"ತಗೋಬೇಡ ಅಂದೆ. ಕಂಪ್ಲೇಂಟ್ ಬರೋ ಹಾಗೆ ಮಾಡು ಅಂದ್ನಾ?"

"ತಗೊಂಡ್ರೆ ಲಾರಿ ಹತ್ರ ಬೈತೀರ, ಬಿಟ್ರೆ ಇಲ್ಲಿ ಬಂದು ಬೈತೀರ," ಎಂದಳು ರೇಡಿಯೊ. "ಎಲ್ಲಿ ಬೈಸ್ಕೋಬೇಕು ಅಂತ ಒಂದು ಕಡೆ ಗೊತ್ತು ಮಾಡಿಬಿಡಿ ಅಣ್ಣಾ, ಓಡಾಟ ತಪ್ಪುತ್ತೆ."

"ಕೊಬ್ಬು ಜಾಸ್ತಿ ಆಗಿದೆ ನಿಮಗೆ. ಇವತ್ತು ಇಬ್ಬರಿಗೂ ಹಾಜರಿ ಇಲ್ಲ, ಹೋಗಿ."

ಹಾಜರಿ ಇಲ್ಲವೆಂದರೆ ಕೆಲಸ ಇಲ್ಲ ಎಂದಲ್ಲ. ಗಾಡಿ ತುಂಬಿಸಿಕೊಂಡೇ ಹೋಗಬೇಕು.

ಊರು ಬೆಳೆಯುತ್ತಿತ್ತು. ಹೊಸ ಬಡಾವಣೆಯ ಪಕ್ಕದಲ್ಲಿ ಇನ್ನೂ ಹೊಸ ಬಡಾವಣೆ ಎದ್ದು, ಊರಾಚೆಯ ಕಸದ ಗುಡ್ಡ ಈಗ ಊರಿನೊಳಗೇ ಬಂದುಬಿಟ್ಟಿತ್ತು. ಅದಕ್ಕೆ ಹೊಸ ಕಾನೂನು ಬಂತು. ಗೇಟುಗೇಟಿಗೂ ಚೌಕದ ಸ್ಟಿಕರು ಅಂಟಿಸಿದರು. ಅದಕ್ಕೆ ಮೊಬೈಲು ಹಿಡಿದರೆ ಕಸ ಎತ್ತಿದ ಲೆಕ್ಕ ಕಚೇರಿಗೆ ಹೋಗುತ್ತಿತ್ತು. ಬೇರ್ಪಡಿಸಿ ಕೊಡಿ ಎಂದು ಗೋಡೆಗಳ ಮೇಲೆಲ್ಲ ನಗುವ ಮಕ್ಕಳ ಚಿತ್ರ ಬರೆಸಿದರು. ಮೊದಲು ಬಾಟಲಿ, ರಟ್ಟು, ಡಬ್ಬ ಆಯ್ದುಕೊಂಡರೆ ಅದು ಆಯ್ದವರದ್ದು. ಈಗ ಒಣಕಸವೆಲ್ಲ ಗುತ್ತಿಗೆದಾರನ ಪಾಲು, ಒಂದು ಬಾಟಲಿ ಸೆರಗಿನಲ್ಲಿ ಕಂಡರೂ ಕಳ್ಳತನ. ಬೆರೆಸಿ ಕೊಡುವ ಮನೆಯವರಿಗೆ ದಂಡ ಹಾಕುತ್ತಾರೆಂಬ ಮಾತು ಗೋಡೆಯ ಮೇಲೆ ಇತ್ತು. ಯಾವ ಮನೆಗೂ ಬೀಳಲಿಲ್ಲ. ಬೀದಿಯ ಕೊನೆಯಲ್ಲಿ ಲಾರಿ ಬರುವ ಮುಂಚೆ ಹೆಂಗಸರು ನೆಲದ ಮೇಲೆ ಚೀಲ ಸುರಿದು ಕೈಯಿಂದಲೇ ಬೇರೆ ಮಾಡುತ್ತಿದ್ದರು. ಒಮ್ಮೆ ಕೊಟ್ಟಿದ್ದ ಗ್ಲೌಸಿನ ಬೆರಳುಗಳು ಯಾವಾಗಲೋ ಹರಿದುಹೋಗಿದ್ದವು. ಬೇರೆ ಕೇಳಿದ್ದಕ್ಕೆ ಮೇಸ್ತ್ರಿ, "ಮೆಹೆಂದಿ ಅಳಿಸಿ ಹೋಗುತ್ತಾ?" ಎಂದು ನಕ್ಕಿದ್ದ.

ಆ ಬೀದಿಯಲ್ಲಿ ನೆಮ್ಮದಿಯಾಗಿ ಹೋಗಿ ನಿಲ್ಲಬಹುದಾದ ಗೇಟು ಒಂದೇ, ಮೂಲೆಮನೆಯಮ್ಮನದು. ಬೀದಿಯ ಸಂಘಕ್ಕೆ ಅವರೇ ಕಾರ್ಯದರ್ಶಿ. ಗೇಟಿನ ಒಳಗೆ ಬೇರೆ ಬೇರೆ ಬಣ್ಣದ ಮುಚ್ಚಳದ ಬಕೆಟ್ಟುಗಳು, ತಾರಸಿಯ ಮೇಲೆ ಗೊಬ್ಬರದ ಮಡಕೆಗಳು, ಗೋಡೆಯುದ್ದಕ್ಕೂ ಗಿಡಗಳು. ಅಮ್ಮ ದನಿ ಎತ್ತಿದವರಲ್ಲ. ಹೊಸ ಕಾನೂನು ಬಂದಾಗ ಗಾಡಿಯ ಹೆಂಗಸರನ್ನೆಲ್ಲ ಮನೆಯ ಮುಂದೆ ಸಾಲಾಗಿ ನಿಲ್ಲಿಸಿ ಪಾಠ ಹೇಳಿದ್ದರು.

"ಹಸಿ ಕಸ ಅಂದ್ರೆ ಯಾವುದು? ನೀನು ಹೇಳು ನೋಡೋಣ."

"ಕೊಳೆಯೋದು ಅಮ್ಮ."

"ಶಭಾಷ್. ಎಲ್ಲರೂ ಒಟ್ಟಿಗೆ ಹೇಳಿ."

ವರ್ಷಗಟ್ಟಲೆ ಅದನ್ನೇ ಕೈಯಲ್ಲಿ ಕಿವುಚಿದ ಹೆಂಗಸರು ಒಟ್ಟಿಗೆ ಹೇಳಿದ್ದರು. ಅಮ್ಮ ಫೋಟೊ ತೆಗೆದುಕೊಂಡು, ಕಾಗದದಲ್ಲಿ ಸುತ್ತಿದ ಬಿಸ್ಕತ್ತು ಹಂಚಿದ್ದರು. ರೇಡಿಯೊ ದಾರಿಯುದ್ದಕ್ಕೂ ಆ ದನಿಯನ್ನು ಅಣಕಿಸಿ ಎಲ್ಲರನ್ನೂ ಹೊಟ್ಟೆ ಹಿಡಿದುಕೊಂಡು ನಗಿಸಿದ್ದಳು. ಆದರೂ ಅಮ್ಮನ ಮೇಲೆ ಅವರಿಗೆ ಅಕ್ಕರೆ ಇತ್ತು. ಚೀಲ ಕೊಡುವಾಗ ಅಮ್ಮ ಹೇಳುತ್ತಿದ್ದರು: "ನಮ್ಮದು ಬಿಚ್ಚಿ ನೋಡೋದೇ ಬೇಡಮ್ಮ. ಒಂದು ಚೂರು ಆಚೆ ಈಚೆ ಇರಲ್ಲ." ಅದಕ್ಕೇ ಅವರು ಬಿಚ್ಚಿ ನೋಡುತ್ತಿರಲಿಲ್ಲ.

ಆವತ್ತೂ ನೋಡಲಿಲ್ಲ. ಮೂಲೆಮನೆಯ ಒಣಕಸದ ಚೀಲ ತೆಗೆದುಕೊಂಡು ಸ್ವಲ್ಪ ಮುಂದೆ ಹೋದ ಮೇಲೆ ಗಾಡಿ ತುಂಬಿತ್ತು. ಜಾಗ ಮಾಡಲು ರೇಡಿಯೊ ಎಂದಿನಂತೆ ಎರಡೂ ಕೈ ಊರಿ, ಎದೆಯ ಭಾರವೆಲ್ಲ ಬಿಟ್ಟು ಆ ಚೀಲವನ್ನು ಅದುಮಿದಳು. ಬಾಯಲ್ಲಿ ಯಾವುದೋ ಹಾಡಿತ್ತು. ಚೀಲದೊಳಗೆ ಟಪ್ಪೆಂದಿತು. ಹಳದಿ ನೀರು ಚಿಮ್ಮಿ ಮುಖಕ್ಕೆ ಹೊಡೆಯಿತು. ಬಚ್ಚಲು ತೊಳೆಯುವ ಆಸಿಡ್ಡು. ಬಾಟಲಿಯಲ್ಲಿ ಅರ್ಧ ಉಳಿದಿತ್ತು, ಮುಚ್ಚಳ ಸರಿಯಾಗಿ ತಿರುಗಿಸಿರಲಿಲ್ಲ.

ಹಾಡು ಕಿರುಚಾಟವಾಯಿತು. "ಅತ್ತಿಗೇ! ಕಣ್ಣು! ಕಣ್ಣು ಉರಿದೋಯ್ತು ಅತ್ತಿಗೇ!"

ಸೀಟಿ ಅವಳ ರಟ್ಟೆ ಹಿಡಿದು ಎಳೆದುಕೊಂಡು ಓಡಿದಳು. ಕಾಲು ತಾನಾಗಿ ಮೂಲೆಮನೆಯ ಕಡೆಗೇ ತಿರುಗಿತು. ಅಮ್ಮ ಗಿಡಗಳಿಗೆ ಪೈಪಿನಿಂದ ನೀರು ಬಿಡುತ್ತಿದ್ದರು. ನೀರು ಧಾರೆಯಾಗಿ ಸುರಿಯುತ್ತಿತ್ತು. ನಡುವೆ ಇದ್ದದ್ದು ಗೇಟು ಮಾತ್ರ.

"ಅಮ್ಮಾ ನೀರು! ಕಣ್ಣಿಗೆ ಆಸಿಡ್ ಬಿತ್ತಮ್ಮಾ, ನೀರು ಬಿಡಿ!"

"ಅಯ್ಯೋ ದೇವರೇ!" ಅಮ್ಮ ನಿಜಕ್ಕೂ ಗಾಬರಿಯಾದರು. "ತಡಿ, ತಡಿ! ಒಳಗೆ ಬರಬೇಡಿ, ಅಲ್ಲೇ ಇರಿ. ಹಳೇ ಮಗ್ಗು ಒಂದಿರಬೇಕು, ತರ್ತೀನಿ."

ನಲ್ಲಿ ತಿರುಗಿಸಿ ನೀರು ನಿಲ್ಲಿಸಿದರು. ಪೈಪು ಕೆಳಗಿಟ್ಟು ಒಳಗೆ ಓಡಿದರು.

ಗೇಟಿನ ಚಿಲಕಕ್ಕೆ ಬೀಗವಿತ್ತು. ಸೀಟಿ ಕಂಬಿಗಳ ಸಂದಿಯಲ್ಲಿ ಹೆಗಲವರೆಗೆ ಕೈ ತೂರಿಸಿದಳು. ಪೈಪಿನ ಬಾಯಿಂದ ಉಳಿದ ನೀರು ಗಿಡದ ಬುಡಕ್ಕೆ ತೊಟ್ಟಿಕ್ಕುತ್ತಿತ್ತು. ಬೆರಳು ಅಲ್ಲಿಗೆ ಮುಟ್ಟಲಿಲ್ಲ. ಒಳಗೆ ಒಂದು ಕಪಾಟು ತೆರೆದ ಸದ್ದಾಯಿತು, ಮುಚ್ಚಿತು, ಇನ್ನೊಂದು ತೆರೆಯಿತು. ಪಾತ್ರೆಗಳು ಸರಿದಾಡಿದವು. ರೇಡಿಯೊ ಗೇಟಿಗೆ ತಲೆ ಚಚ್ಚಿಕೊಳ್ಳುತ್ತಿದ್ದಳು.

"ಯಾವುದಾದ್ರೂ ತನ್ನಿ ಅಮ್ಮಾ! ಯಾವುದಾದ್ರೂ!"

"ಬಂದೆ, ಬಂದೆ!" ಎಂದಿತು ಒಳಗಿನ ದನಿ. ಮತ್ತೆ ಇನ್ನೊಂದು ಕಪಾಟು ತೆರೆಯಿತು.

ಸೀಟಿ ಕಾಯಲಿಲ್ಲ. ನಾದಿನಿಯನ್ನು ಗಾಡಿಯ ಹತ್ತಿರ ಎಳೆದು ತಂದು, ಒಣಕಸದ ಚೀಲಗಳನ್ನು ಹರಿದು ಸುರಿದಳು. ಜನ ಕುಡಿದು ಎಸೆದ ನೀರಿನ ಬಾಟಲಿಗಳು ಉರುಳಿದವು. ಕೆಲವುಗಳ ತಳದಲ್ಲಿ ಒಂದು ಗುಟುಕು, ಕೆಲವುಗಳಲ್ಲಿ ಎರಡು. ಒಂದೊಂದನ್ನೇ ಎತ್ತಿ, ಮೂಸಿ ನೋಡಿ, ಮುಚ್ಚಳ ಹಲ್ಲಿನಿಂದ ಕಚ್ಚಿ ತೆಗೆದು, ಕಣ್ಣಿನ ರೆಪ್ಪೆ ಬಲವಂತವಾಗಿ ಅಗಲಿಸಿ ಹುಯ್ದಳು. ಯಾರ್ಯಾರದೋ ಎಂಜಲು ನೀರು ನಾದಿನಿಯ ಕೆನ್ನೆಯ ಮೇಲೆ ಇಳಿಯಿತು. ಬಾಟಲಿಗಳು ಮುಗಿದವು. ಉರಿ ಮುಗಿಯಲಿಲ್ಲ. ಗಾಡಿಯನ್ನು ಬೀದಿ ನಡುವೆಯೇ ಬಿಟ್ಟು ಇಬ್ಬರೂ ದೊಡ್ಡ ರಸ್ತೆಗೆ ಓಡಿದರು.

ಅಮ್ಮ ಹಿಡಿ ಮುರಿದ ಮಗ್ಗಿನಲ್ಲಿ ನೀರು ಹಿಡಿದು ಗೇಟಿಗೆ ಬಂದದ್ದನ್ನು, ಯಾರೂ ಇಲ್ಲದ್ದು ನೋಡಿ ಆ ನೀರನ್ನು ಗಿಡಕ್ಕೆ ಹುಯ್ದದ್ದನ್ನು, ಎದುರು ಮನೆಯ ಕೆಲಸದವಳು ಆಮೇಲೆ ಹೇಳಿದಳು.

ಆಸ್ಪತ್ರೆಯಲ್ಲಿ ನರ್ಸು ಮೂಗಿಗೆ ಕರ್ಚೀಫು ಹಿಡಿದು, "ಇಬ್ಬರೂ ಆ ಕಡೆ ಹೊರಗೆ ಕೂತ್ಕೊಳ್ಳಿ, ಬೇರೆ ಪೇಶಂಟುಗಳಿದಾರೆ," ಎಂದಳು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಒಂದರಲ್ಲಿ ದೃಷ್ಟಿ ಉಳಿಯುತ್ತದೆ, ಇನ್ನೊಂದರಲ್ಲಿ ಇಲ್ಲ ಎಂದರು. ಆಮೇಲೆ ಸಿಡುಕಿದರು.

"ಆಸಿಡ್ ಬಿದ್ದ ತಕ್ಷಣ ಚೆನ್ನಾಗಿ ನೀರಲ್ಲಿ ತೊಳೀಬೇಕು. ಯಾಕೆ ತೊಳೀಲಿಲ್ಲ? ಅಷ್ಟೂ ಗೊತ್ತಾಗಲ್ವೇನ್ರೀ ನಿಮ್ಮಂಥೋರಿಗೆ?"

ಸೀಟಿ ಡಾಕ್ಟರ ಮೇಜಿನ ಮೇಲಿದ್ದ ನೀರಿನ ಬಾಟಲಿ ನೋಡುತ್ತ ನಿಂತಳು.

ಹೊರಗೆ ಮೇಸ್ತ್ರಿ ಕಾಯುತ್ತಿದ್ದ. ಸೀಟಿಯ ಗಂಡನನ್ನೂ ಕರೆದುಕೊಂಡು ಬಂದಿದ್ದ. ಅವನು ಗುತ್ತಿಗೆದಾರನ ಲಾರಿಗೆ ಕಸ ತುಂಬುವವನು. ತಂಗಿಯ ಕಣ್ಣಿನ ಪಟ್ಟಿ ನೋಡಿ ಗೋಡೆಗೆ ಒರಗಿಬಿಟ್ಟ.

"ನೋಡಮ್ಮ ಸೀಟಿ," ಮೇಸ್ತ್ರಿ ಮೆಲ್ಲಗೆ ಹೇಳಿದ, "ಕೆಲಸದ ಮೇಲೆ ಆಯ್ತು ಅಂದ್ರೆ ಪೊಲೀಸು, ಕೇಸು, ಎಲ್ಲರಿಗೂ ತೊಂದ್ರೆ. ಮನೇಲಿ ಕಕ್ಕಸು ತೊಳೀವಾಗ ಆಯ್ತು ಅಂತ ಬರೆಸು."

"ನಮ್ಮನೇಲಿ ಕಕ್ಕಸೇ ಇಲ್ವಲ್ಲ ಅಣ್ಣಾ."

"ಬೋಳಿ, ತಮಾಷೆ ಮಾಡ್ತೀಯಾ? ನಿನ್ನ ಗಂಡನ ಕೆಲಸಾನೂ ನಮ್ಮ ಕೈಯಲ್ಲೇ ಇರೋದು."

ಗಂಡ ಹೆಂಡತಿಯ ಮುಖ ನೋಡಲಿಲ್ಲ. ಹೋಗಿ ಹಾಗೆಯೇ ಬರೆಸಿ ಬಂದ.

ಒಂದೇ ಕೋಣೆಯ ಮನೆ. ಅಗ್ಗಿಷ್ಟಿಕೆಯಂತೆ ಕಾದ ತಗಡಿನ ಕೆಳಗೆ ರೇಡಿಯೊ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು. ದಿನಗಟ್ಟಲೆ ಬಾಯಿ ತೆರೆಯಲಿಲ್ಲ. ಅಣ್ಣ ಎರಡು ಸಲ ಕರೆದು, ಉತ್ತರ ಬಾರದೆ ಕೆಲಸಕ್ಕೆ ಹೋಗಿಬಿಡುತ್ತಿದ್ದ. ಒಂದು ಮಧ್ಯಾಹ್ನ ಅತ್ತಿಗೆ ತುತ್ತು ಮಾಡಿ ಬಾಯಿಗಿಡುವಾಗ ಅವಳೇ ಶುರು ಮಾಡಿದಳು.

"ಇನ್ಮೇಲೆ ಅರ್ಧ ಊರು ನೋಡಿದ್ರೆ ಸಾಕಲ್ವಾ ಅತ್ತಿಗೆ? ಅರ್ಧ ಗಲೀಜು ಕಮ್ಮಿ ಆಯ್ತು."

ಸೀಟಿಗೆ ನಗು ಬಂತು. ನಗುತ್ತಲೇ ತುತ್ತು ಬಾಯಿಗಿಟ್ಟಳು.

"ಅತ್ತಿಗೆ, ನನಗೆ ಕಾಣ್ತಿರಲಿಲ್ಲ. ಕೇಳಿಸ್ತಿತ್ತು. ನೀರು ಬೀಳ್ತಿದ್ದದ್ದು ಕೇಳಿಸ್ತು. ಸದ್ಯ, ಬದುಕಿದೆ ಅಂದ್ಕೊಂಡೆ. ಆಮೇಲೆ ನಿಂತೋಯ್ತು." ಅವಳು ತುತ್ತನ್ನು ನುಂಗದೆ ಬಾಯಲ್ಲೇ ಇಟ್ಟುಕೊಂಡಳು. "ಆಸಿಡ್ಡು ಹಾಕಿದ್ದು ಗೊತ್ತಿಲ್ಲದೆ ಹಾಕಿದ್ರು ಅನ್ನು. ನಲ್ಲಿ ತಿರುಗಿಸಿದ್ದು ಗೊತ್ತಿದ್ದೇ ತಾನೆ?"

ಸೀಟಿ ತಟ್ಟೆ ತೊಳೆದಿಟ್ಟು ಬಂದು ನಾದಿನಿಯ ಕಾಲು ಒತ್ತುತ್ತ ಬಹಳ ಹೊತ್ತು ಕೂತಳು.

ಮಾರನೆಯ ಬೆಳಗ್ಗೆ ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಹೆಂಗಸರು ಪೊರಕೆ, ಬುಟ್ಟಿ ಎತ್ತಿಕೊಳ್ಳುತ್ತಿದ್ದಾಗ ಸೀಟಿ ಬಾಗಿಲಿಗೆ ಅಡ್ಡ ನಿಂತಳು.

"ಇವತ್ತಿಂದ ಗೇಟಲ್ಲಿ ಕುಡಿಯೋಕೆ ನೀರು ಕೇಳೋದು. ಕೊಟ್ಟ ಮನೆ ಕಸ ಎತ್ತೋದು. ಕೊಡದಿದ್ರೆ ಬಿಟ್ಟು ಮುಂದಕ್ಕೆ ಹೋಗೋದು."

"ಸಂಬಳ ಜಾಸ್ತಿ ಕೇಳೋದು ಬಿಟ್ಟು ನೀರು ಕೇಳ್ತೀಯಲ್ಲೇ," ಎಂದು ಒಬ್ಬಳು ನಕ್ಕಳು. "ಗ್ಲೌಸಾದ್ರೂ ಕೇಳು."

"ಗ್ಲೌಸು ಕೇಳಿದ್ರೆ ಆಫೀಸು ತೋರಿಸ್ತಾರೆ. ನೀರು ಕೊಡೋಕೆ ಯಾವ ಆಫೀಸಿನ ಅಪ್ಪಣೆ ಬೇಕು?"

ಗಾಡಿಯವರಲ್ಲೆಲ್ಲ ಹಿರಿಯಳಾದ ಮುದುಕಿಯೊಬ್ಬಳು ನೆಲಕ್ಕೆ ಉಗಿದು, "ನನ್ನ ಕೈ ಇಷ್ಟು ವರ್ಷ ಅವರ ಗಲೀಜು ತಿಂದಿದೆ. ಬಾಯಿಗೆ ಒಂದು ಗುಟುಕು ಕೇಳಿದ್ರೆ ಏನು ಗಂಟು ಹೋಗುತ್ತೆ? ನಡೀರಿ," ಎಂದಳು.

ಕೇಳಿದರು. "ನೀರಾ? ಇದೇನು ಹೋಟ್ಲಾ?" ಎಂದರು ಕೆಲವರು. "ನೀರು ಬಂದಿಲ್ಲ" ಎಂದವರ ಅಂಗಳದಲ್ಲಿ ಕಾರು ತೊಳೆದ ನೀರು ಇನ್ನೂ ಹರಿಯುತ್ತಿತ್ತು. ಬಾಡಿಗೆ ಕೋಣೆಯ ಹುಡುಗಿಯೊಬ್ಬಳು ತಂಬಿಗೆ ತುಂಬ ತಂದು, "ಅಕ್ಕಾ, ದಿನಾ ಕೇಳಿ," ಎಂದಳು. ಒಬ್ಬ ಮುದುಕ ತಾನೇ ಎದ್ದು ಬಂದು ಕೊಟ್ಟ. ಅಂಥವರು ಅಲ್ಲೊಬ್ಬರು ಇಲ್ಲೊಬ್ಬರು. ಉಳಿದವರು ಗೇಟಿನ ಮುಂದೆ ಚೀಲ ಇಟ್ಟು ಒಳಗೆ ಹೋದರು. ಸಂಜೆ ಬಂದು ಎತ್ತಿಕೊಂಡು ಹೋಗುತ್ತಾರೆ ಎಂದುಕೊಂಡರು. ಮರುದಿನ ಇನ್ನೊಂದು ಚೀಲ ಇಟ್ಟರು. ನಾಯಿಗಳು ಎಳೆದಾಡಿದವು. ಬಿಸಿಲಿಗೆ ನಾತ ಏರಿ ಕಿಟಕಿಗಳು ಮುಚ್ಚಿದವು. ಕಂಪ್ಲೇಂಟಿನ ಮೇಲೆ ಕಂಪ್ಲೇಂಟು ಹೋದವು. ಮೇಸ್ತ್ರಿ ಬೈದ, ಹಾಜರಿ ಹೊಡೆದುಹಾಕಿದ, ಬೇರೆ ಆಳು ತರುತ್ತೇನೆಂದ. ಬೇರೆ ಆಳುಗಳೂ ಆ ಹೆಂಗಸರ ಕೇರಿಯವರೇ. ಯಾರೂ ಬರಲಿಲ್ಲ. ಒಂದು ಲೋಟ ನೀರು ಕೊಡುವುದಕ್ಕಿಂತ ಕೊಳೆತ ಚೀಲ ದಾಟಿಕೊಂಡು ಓಡಾಡುವುದು ಆ ಬೀದಿಗೆ ಸುಲಭವಾಗಿತ್ತು.

ಅಷ್ಟರಲ್ಲಿ ಊರುಗಳ ಚೊಕ್ಕಟತನ ನೋಡುವ ತಂಡ ಬರುವ ದಿನ ಬಂತು. ಮಾದರಿ ಬೀದಿ ಎಂದು ತೋರಿಸಲು ಕಚೇರಿಯವರು ಬಹಳ ಹಿಂದೆಯೇ ಆರಿಸಿಟ್ಟದ್ದು ಇದನ್ನೇ. ಮಾದರಿ ಮನೆ ಮೂಲೆಮನೆ. ಬೆಳಗ್ಗೆಯೇ ಮೇಸ್ತ್ರಿ ಸೀಟಿಯ ಗಾಡಿಯ ಹಿಂದೆ ಓಡೋಡಿ ಬಂದ. ಕೈಯಲ್ಲಿ ಹೊಸ ಗ್ಲೌಸಿನ ಕಟ್ಟು.

"ತಗೋಳೆ, ಹಾಕ್ಕೋ. ಇವತ್ತೊಂದು ದಿನ ಎತ್ತಿಬಿಡ್ರೆ ತಾಯಂದ್ರಾ. ನನ್ನ ಕೆಲಸ ಹೋಗುತ್ತೆ."

"ನೀರು ಕೊಟ್ರೆ ಎತ್ತೀನಿ ಅಣ್ಣಾ."

ಮೂಲೆಮನೆಯ ಗೇಟಿನ ಎರಡೂ ಕಡೆ ಪಕ್ಕದ ಮನೆಗಳ ಚೀಲಗಳು ರಾಶಿ ಬಿದ್ದಿದ್ದವು. ಅಮ್ಮ ಸೀರೆ ಉಟ್ಟು ತಯಾರಾಗಿದ್ದರು. ಸೀಟಿಯನ್ನು ಕಂಡು ತಾವೇ ನಲ್ಲಿ ತಿರುಗಿಸಿ ಪೈಪು ಹಿಡಿದು ಬಂದರು.

"ಬಾಮ್ಮ, ಬಾ. ನಿನ್ನ ನಾದಿನಿ ಹೇಗಿದಾಳೆ? ಬೊಗಸೆ ಒಡ್ಡು, ಬಿಡ್ತೀನಿ. ಎಷ್ಟು ಬೇಕೋ ಅಷ್ಟು ಕುಡಿ."

"ಅದನ್ನ ಗಿಡಕ್ಕೆ ಬಿಡಿ ಅಮ್ಮ. ನನಗೆ ಲೋಟದಲ್ಲಿ ಕೊಡಿ."

ಅಮ್ಮ ಒಳಗೆ ಹೋಗಿ ಮಗ್ಗು ತಂದರು.

"ಇದಲ್ಲ. ನೀವು ಕುಡಿಯೋ ಲೋಟ."

ಅಮ್ಮನ ಮುಖ ಕೆಂಪಗಾಯಿತು. "ನಾನೇನು ನಿನಗೆ ಕೆಟ್ಟದ್ದು ಮಾಡಿದೀನಾ? ಆ ಬಾಟಲಿ ನಮ್ಮನೇದೇ ಅಂತ ಏನು ಗ್ಯಾರಂಟಿ? ನಿಮಗೋಸ್ಕರ ಎಷ್ಟು ಓಡಾಡಿದೀನಿ ನಾನು. ಈ ಬೀದೀಲಿ ನಿಮ್ಮನ್ನ ಮನುಷ್ಯರ ಹಾಗೆ ನೋಡಿದೋಳು ನಾನೊಬ್ಬಳೇ."

"ಹೌದಮ್ಮ. ಅದಕ್ಕೇ ನಿಮ್ಮ ಗೇಟಿಗೇ ಓಡಿ ಬಂದ್ವಿ."

ಸುತ್ತಮುತ್ತಲ ಗೇಟುಗಳ ಹಿಂದೆ ಜನ ನಿಂತಿದ್ದರು. ಮೇಸ್ತ್ರಿ ಮೊಬೈಲು ನೋಡಿ ಬೆವರೊರೆಸಿಕೊಂಡ. "ಕೊಟ್ಬಿಡಿ ಮೇಡಂ. ಕಾರು ಸರ್ಕಲ್ ದಾಟಿದೆಯಂತೆ. ಈ ದರಿದ್ರ ಮುಂಡೇವು ಹಟ ಬಿಡಲ್ಲ."

ಅಮ್ಮ ಒಳಗೆ ಹೋದರು. ಈ ಸಲ ಯಾವ ಕಪಾಟಿನ ಸದ್ದೂ ಆಗಲಿಲ್ಲ. ಬೆಳಗಿದ ಸ್ಟೀಲಿನ ಲೋಟದಲ್ಲಿ ನೀರು ತುಂಬಿ ತಂದು ಗೇಟಿನ ಮೇಲಿಂದ ಚಾಚಿದರು.

ಸೀಟಿ ಹೊಸ ಗ್ಲೌಸನ್ನು ಹಾಕಿಕೊಳ್ಳಲಿಲ್ಲ. ಬರಿಗೈಯಲ್ಲಿ ಲೋಟ ಹಿಡಿದು, ಅಂಚಿಗೆ ತುಟಿ ಒತ್ತಿ, ಒಂದೊಂದೇ ಗುಟುಕು ಕುಡಿದಳು. ಬೀದಿಯೆಲ್ಲ ಅವಳ ಗಂಟಲು ಏರಿಳಿಯುವುದನ್ನು ನೋಡಿತು. ಕುಡಿದು ಮುಗಿಸಿ ಲೋಟ ಹಿಂದಕ್ಕೆ ಕೊಟ್ಟಳು. ಅಮ್ಮ ಅದರ ತಳವನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡರು. ಒಳಗೆ ಒಯ್ಯಲಿಲ್ಲ. ಪಕ್ಕದಲ್ಲೇ ಇದ್ದ ನೀಲಿ ಮುಚ್ಚಳದ ಬಕೆಟ್ಟು ತೆರೆದು, ಲೋಟವನ್ನು ಒಣಕಸದ ಚೀಲಕ್ಕೆ ಬಿಟ್ಟು, ಬಾಯಿ ಗಂಟು ಕಟ್ಟಿ, ಗೇಟಿನಾಚೆ ಇಟ್ಟರು.

"ಕುಡಿದಾಯ್ತಲ್ಲ. ತಗೊಂಡು ಹೋಗು."

ಸೀಟಿ ಕುಕ್ಕರಗಾಲಿನಲ್ಲಿ ಕೂತು ಗಂಟು ಬಿಚ್ಚಿದಳು. ರಟ್ಟು, ಡಬ್ಬಗಳ ನಡುವೆ ಕೈ ಆಡಿಸಿ ಲೋಟ ಹೊರಗೆ ತೆಗೆದಳು. ಸೆರಗಿನಿಂದ ಒರೆಸಿ, ಗೇಟಿನ ಕಂಬದ ಮೇಲೆ, ಬರುವವರಿಗೆಲ್ಲ ಕಾಣುವ ಹಾಗೆ ಇಟ್ಟಳು.

"ಇದು ಕಸ ಅಲ್ಲಮ್ಮ."

ಗಾಡಿಯ ಹಿಡಿಕೆ ಬಿಟ್ಟು, ಚೀಲಗಳ ರಾಶಿಯ ಪಕ್ಕದಲ್ಲಿ ರಸ್ತೆಯ ಮೇಲೆ ಕೂತಳು. ಮುದುಕಿ ಬಂದು ಅವಳ ಪಕ್ಕ ಕೂತಳು. ಇನ್ನೊಬ್ಬಳು ಬಂದಳು. ಬೀದಿಯ ತುದಿಯಲ್ಲಿ ಬಿಳಿ ಕಾರೊಂದು ತಿರುಗಿತು.

"ಲೋಟ ಒಳಗೆ ತಗೊಳ್ಳಿ ಮೇಡಂ, ಬೇಗ!" ಎಂದ ಮೇಸ್ತ್ರಿ. ಅಮ್ಮ ಕದಲಲಿಲ್ಲ. ಅವನೇ ಲೋಟಕ್ಕೆ ಕೈ ಚಾಚಿದ. ಅರ್ಧದಲ್ಲಿ ಆ ಕೈ ನಿಂತಿತು. ಹಿಂದಕ್ಕೆ ಎಳೆದುಕೊಂಡು ಪ್ಯಾಂಟಿಗೆ ಒರೆಸಿಕೊಂಡ.

ಕಂಬದ ಮೇಲೆ ಲೋಟ ಬಿಸಿಲಿಗೆ ಹೊಳೆಯುತ್ತಿತ್ತು. ಅಂಚಿನಲ್ಲಿ ತುಟಿಯ ಒದ್ದೆ ಗುರುತು ಇನ್ನೂ ಆರಿರಲಿಲ್ಲ. ಒಂದು ನೊಣ ಬಂದು ಅದರ ಮೇಲೆ ಕೂತಿತು.